ನಸುಕಿನ ಸೈಲೆನ್ಸರ್ ಸಪ್ಪಳ: ಬಾಜು ಮನೆಯ ಕಾರಿನ ಸದ್ದು ನಿಲ್ಲಿಸುವ ಸಮಗ್ರ ಮಾರ್ಗದರ್ಶಿ

ನಸುಕಿನ ನಾಲ್ಕೂವರೆಗೆ ಬಾಜು ಮನೆಯ ಕಾರು ಚಾಲು ಆಗುತ್ತದೆ. ಕಿಟಕಿಯ ಗಾಜು ಗುಂಯ್‌ಗುಡುತ್ತದೆ, ತೊಟ್ಟಿಲಲ್ಲಿನ ಕೂಸು ಎದ್ದು ಅಳುತ್ತದೆ, ಗಾಡಿ ಓಣಿಯ ತಿರುವು ದಾಟಿದ ಮೇಲೂ ಮತ್ತೆ ಕಣ್ಣು ಹತ್ತುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಹಳೆಯ ಓಣಿಗಳಲ್ಲಿ, ಗದಗ-ಬೆಟಗೇರಿಯಲ್ಲಿ, ಹಾವೇರಿಯಲ್ಲಿ ಎದುರುಬದುರು ಮನೆಗಳ ನಡುವೆ ಒಂದು ಗಾಡಿ ಹಾಯುವಷ್ಟೇ ಜಾಗ ಇರುವ ಕಡೆ ಈ ಸದ್ದು ಎರಡೂ ಬದಿಯ ಗೋಡೆಗೆ ಬಡಿದು ಹೆಚ್ಚುತ್ತದೆ.

ಇಂಥ ತಕರಾರು ಕೆಡುವುದು ಮೊದಲ ಮಾತಿನಲ್ಲೇ. 'ನಿಮ್ಮ ಗಾಡಿ ಸಪ್ಪಳ ಭಾಳ ಆತು' ಎಂದರೆ 'ನಮಗೇನೂ ಹಂಗ ಅನಸೂದಿಲ್ಲ' ಎಂಬ ಉತ್ತರ ಬರುತ್ತದೆ. ಸಪ್ಪಳ ಹೆಚ್ಚೋ ಕಡಿಮೆಯೋ ಎಂದು ವಾದಿಸುತ್ತ ಕೂತರೆ ಮುಗಿಯುವುದಿಲ್ಲ. ಸೈಲೆನ್ಸರ್ ಒಡೆದಿದೆಯೋ, ಬದಲಾಗಿದೆಯೋ, ಸರಿ ಇದೆಯೋ ಎಂಬುದನ್ನಾದರೆ ಗಾಡಿಯ ಕೆಳಗೆ ಬಗ್ಗಿ ನೋಡಿ ಹೇಳಬಹುದು. ಆದ್ದರಿಂದ ಮೊದಲ ಮಾತುಕತೆಯಿಂದ ಕೊನೆಯ ಅರ್ಜಿಯವರೆಗೆ ನಿಮ್ಮ ಹಿಡಿತ ಸೈಲೆನ್ಸರ್ ಮೇಲೇ ಇರಲಿ.

ಮೊದಲು ಕಿವಿಗೊಟ್ಟು ಕೇಳಿ

ಎಲ್ಲ ಜೋರು ಸದ್ದೂ ಒಂದೇ ಅಲ್ಲ. ತಣ್ಣಗಿರುವ ಎಂಜಿನ್ ಚಾಲು ಮಾಡಿದ ಕೂಡಲೇ ನಿಮಿಷಕ್ಕೆ 1,200ರಿಂದ 1,500 ಸುತ್ತು ತಿರುಗುವುದು ಸಹಜ. ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯಾಗಲಿ ಎಂದು ಗಾಡಿಯ ಕಂಪ್ಯೂಟರ್ರೇ ಹಾಗೆ ಮಾಡುತ್ತದೆ. ಅರ್ಧ-ಒಂದು ನಿಮಿಷದಲ್ಲಿ ಸುತ್ತು 800ರ ಆಸುಪಾಸಿಗೆ ಇಳಿದು ಸದ್ದೂ ಇಳಿದರೆ ಗಾಡಿಯಲ್ಲಿ ದೋಷವಿಲ್ಲ. ಅಲ್ಲಿ ಮಾತಾಡಬೇಕಾದದ್ದು ಗಾಡಿ ನಿಲ್ಲಿಸುವ ಜಾಗದ ಬಗ್ಗೆ, ಸುಮ್ಮನೆ ಚಾಲು ಇಡುವ ರೂಢಿಯ ಬಗ್ಗೆ.

ತಣ್ಣಗಿರುವಾಗ ಎಂಜಿನ್ ಕಡೆಯಿಂದ 'ಟಕ್ ಟಕ್ ಟಕ್' ಬಂದು, ಐದು-ಹತ್ತು ನಿಮಿಷದಲ್ಲಿ ಕಡಿಮೆಯಾದರೆ ಮ್ಯಾನಿಫೋಲ್ಡ್ (ಎಂಜಿನ್ನಿನಿಂದ ಹೊಗೆ ಹೊರಬರುವ ಮೊದಲ ಕೊಳವೆ) ಕೂಡುವ ಜಾಗದ ಪ್ಯಾಕಿಂಗ್ ಹೋಗಿರುವ ಸಾಧ್ಯತೆ ಹೆಚ್ಚು. ಲೋಹ ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ. ಅದಕ್ಕೇ ಗ್ಯಾರೇಜಿಗೆ ಹೋಗುವಷ್ಟರಲ್ಲಿ ಸದ್ದು ಮಾಯವಾಗಿರುತ್ತದೆ, ಮೆಕ್ಯಾನಿಕ್ 'ಏನೂ ಇಲ್ರಿ' ಎಂದು ಕಳಿಸುತ್ತಾನೆ. ಗಾಡಿಯನ್ನು ರಾತ್ರಿ ಗ್ಯಾರೇಜಿನಲ್ಲೇ ಬಿಟ್ಟು ಬೆಳಿಗ್ಗೆ ತಣ್ಣಗಿದ್ದಾಗ ಚಾಲು ಮಾಡಿಸಿದರೆ ಮಾತ್ರ ಇದು ಸಿಗುತ್ತದೆ.

ಗಾಡಿಯ ಮುಂಭಾಗದ ಅಡಿಯಿಂದ 'ಪಟಪಟ' ಎಂದು ಬಂದು ಆ್ಯಕ್ಸಿಲರೇಟರ್ ಒತ್ತಿದಾಗ ಜೋರಾದರೆ, ಎಂಜಿನ್ ಮತ್ತು ಪೈಪಿನ ನಡುವಿನ ಜಾಳಿಗೆಯ ಫ್ಲೆಕ್ಸ್ ಪೈಪ್ ಹರಿದಿದೆ. ಹಿಂದಿನಿಂದ ಟ್ರ್ಯಾಕ್ಟರಿನಂತೆ ಗುಡುಗುಡು ಬಂದರೆ ಹಿಂದಿನ ಸೈಲೆನ್ಸರ್ ಡಬ್ಬಿ ತುಕ್ಕು ಹಿಡಿದು ತೂತಾಗಿದೆ. ತಗಡು ಅಲ್ಲಾಡಿದಂಥ ಗಿರಗಿರ ಒಂದೇ ವೇಗದಲ್ಲಿ ಮಾತ್ರ ಬಂದರೆ ಅದು ಸಡಿಲಾದ ಶಾಖತಡೆ ತಗಡು. ಒಂದು ಕ್ಲಾಂಪಿನ ಕೆಲಸ.

ಇವೆಲ್ಲ ಕೆಟ್ಟು ಆದವು. ಬೇಕೆಂದೇ ಮಾಡಿಸಿದ್ದು ಬೇರೆ: ಸಮನಾದ, ಎದೆಗೆ ಬಡಿಯುವ ದಪ್ಪ ಸದ್ದು, ಆ್ಯಕ್ಸಿಲರೇಟರ್ ಬಿಟ್ಟ ಕೂಡಲೇ 'ಢಬ್ ಢಬ್' ಎಂಬ ಸ್ಫೋಟ. ಇಲ್ಲಿ ಹೊಗೆಗೆ ಹೆಚ್ಚು ತಡೆಯಿಲ್ಲದ ಫ್ರೀ-ಫ್ಲೋ ಸೈಲೆನ್ಸರ್ ಹಾಕಿಸಿರುತ್ತಾರೆ, ಡಬ್ಬಿಯನ್ನೇ ತೆಗೆಸಿ ನೇರ ಪೈಪ್ ಬೆಸೆಸಿರುತ್ತಾರೆ, ಇಲ್ಲವೇ ಬಟನ್ ಒತ್ತಿದರೆ ಹೊಗೆ ಸೈಲೆನ್ಸರ್ ತಪ್ಪಿಸಿ ಹೊರಹೋಗುವ ಕಟ್-ಔಟ್ ಕೂಡಿಸಿರುತ್ತಾರೆ. ಸ್ಫೋಟದ ಸದ್ದು ಬರುವುದು ಪೂರ್ತಿ ಉರಿಯದ ಇಂಧನ ಬಿಸಿ ಪೈಪಿನೊಳಗೆ ಹೊತ್ತಿಕೊಳ್ಳುವುದರಿಂದ.

ಕೆಟ್ಟದ್ದೋ ಮಾಡಿಸಿದ್ದೋ ಎಂಬ ಈ ಭೇದ ಗೊತ್ತಾಗದೆ ಮುಂದಿನ ಹೆಜ್ಜೆ ಇಡಬೇಡಿ. ಮೊದಲನೆಯವರಿಗೆ ಬೇಕಾದದ್ದು ಒಳ್ಳೆಯ ಮೆಕ್ಯಾನಿಕ್. ಅಂಥವರ ಮನೆಗೆ ಪೊಲೀಸರನ್ನು ಕಳಿಸುವುದು ಅನ್ಯಾಯ.

ಹದಿನಾಲ್ಕು ದಿನದ ದಾಖಲೆ

ಒಂದು ವಹಿ ಹಾಸಿಗೆಯ ಪಕ್ಕ ಇಡಿ. ದಿನಾಂಕ, ಚಾಲು ಆದ ಹೊತ್ತು, ಗಾಡಿ ಓಣಿ ಬಿಟ್ಟ ಹೊತ್ತು, ನೋಂದಣಿ ಸಂಖ್ಯೆ, ಸದ್ದಿನ ಬಗೆ, ಕಿಟಕಿ ತೆರೆದಿತ್ತೋ ಮುಚ್ಚಿತ್ತೋ, ಯಾರಿಗೆ ಎಚ್ಚರವಾಯಿತು, ಇಷ್ಟನ್ನು ಅದೇ ಹೊತ್ತಿಗೆ ಬರೆಯಿರಿ. ವಾರದ ಕೊನೆಗೆ ನೆನಪಿನಿಂದ ತುಂಬಿಸಿದ ವಹಿ ಅಧಿಕಾರಿಯ ಒಂದೇ ಪ್ರಶ್ನೆಗೆ ಬಿದ್ದುಹೋಗುತ್ತದೆ. ಸದ್ದು ಇಲ್ಲದ ದಿನವನ್ನೂ ಬರೆಯಿರಿ. 'ದಿನಾ ರಾತ್ರಿ' ಎಂದು ಬಾಯಲ್ಲಿ ಹೇಳುವುದಕ್ಕಿಂತ '14 ದಿನದಲ್ಲಿ 9 ದಿನ' ಎಂದು ಬರೆದದ್ದು ಗಟ್ಟಿ.

ಎರಡು-ಮೂರು ದಿನ ನಿಮ್ಮ ಮನೆಯ ಒಳಗಿಂದಲೋ ರಸ್ತೆಯಿಂದಲೋ ವಿಡಿಯೊ ಮಾಡಿ. ಸದ್ದು ಶುರುವಾಗುವ ಮೊದಲ ಕೆಲ ಸೆಕೆಂಡಿನ ನಿಶ್ಶಬ್ದವೂ ಅದರಲ್ಲಿರಲಿ, ನಂಬರ್ ಪ್ಲೇಟು ಕಾಣಲಿ. ನೆರೆಮನೆಯ ಅಂಗಳ, ಬಾಗಿಲು, ಹೆಣ್ಣುಮಕ್ಕಳು ಚಿತ್ರದಲ್ಲಿ ಬಾರದಂತೆ ನೋಡಿಕೊಳ್ಳಿ. ಓಣಿಯ ವಾಟ್ಸ್‌ಆ್ಯಪ್ ಗುಂಪಿಗೆ ಅದನ್ನು ಹಾಕಲೇಬೇಡಿ. ಹಾಕಿದ ಗಳಿಗೆಯಿಂದ ಮಾತು ಸೈಲೆನ್ಸರ್ ಬಿಟ್ಟು ಮರ್ಯಾದೆಯ ಮೇಲೆ ಹೋಗುತ್ತದೆ. ಮೂಲ ಫೈಲನ್ನು ಕತ್ತರಿಸದೆ, ಅದೇ ಫೋನಿನಲ್ಲಿ ಉಳಿಸಿ. ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಪ್ರಮಾಣಪತ್ರದ ಜೊತೆ ಕೊಡಬೇಕಾಗುತ್ತದೆ.

ಡೆಸಿಬೆಲ್ ಲೆಕ್ಕದಲ್ಲಿ ಎಲ್ಲರೂ ಎಡವುವ ಜಾಗ

ಫೋನಿನ ಆ್ಯಪಿನಲ್ಲಿ ಅಳೆದು 'ಬರೇ 48 ತೋರಸ್ತದ, ಆದ್ರ ಕಿಟಕಿ ನಡಗತಾವ' ಎಂದು ಬೇಸತ್ತವರು ಬಹಳ. ಕಾರಣ ಹೀಗಿದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 1,200 ಸುತ್ತು ತಿರುಗುವಾಗ ಸೆಕೆಂಡಿಗೆ 40 ಸಲ ಉರಿಯುತ್ತದೆ. ಮೂರು ಸಿಲಿಂಡರಿನದು 30 ಸಲ. ಸೈಲೆನ್ಸರಿನ ಗುಂಯ್ ಇದೇ 30-40 ಹರ್ಟ್ಸ್ ಸುತ್ತಲಿನ ತಗ್ಗು ದನಿ. ಸಾಮಾನ್ಯ ಮೀಟರುಗಳು ಬಳಸುವ 'ಎ' ಅಳತೆ ಮನುಷ್ಯನ ಕಿವಿಯ ಸ್ವಭಾವಕ್ಕೆ ತಕ್ಕಂತೆ ತಗ್ಗು ದನಿಯನ್ನು ಕಡಿಮೆ ಎಣಿಸುತ್ತದೆ. 40 ಹರ್ಟ್ಸ್‌ನಲ್ಲಿ ಸುಮಾರು 35 ಡೆಸಿಬೆಲ್ ಕಳೆದುಬಿಡುತ್ತದೆ. 'ಸಿ' ಅಳತೆ ಕಳೆಯುವುದು 2 ಡೆಸಿಬೆಲ್ ಮಾತ್ರ. ಆ್ಯಪಿನಲ್ಲಿ 'ಸಿ' ಆಯ್ಕೆ ಇದ್ದರೆ ಎರಡನ್ನೂ ಬರೆದುಕೊಳ್ಳಿ. ಎರಡರ ನಡುವೆ 15-20 ಡೆಸಿಬೆಲ್ ಅಂತರ ಬಂದರೆ ನಿಮ್ಮ ತೊಂದರೆ ತಗ್ಗು ದನಿಯದು ಎಂದು ತಿಳಿಯಿರಿ. ಫೋನಿನ ಮೈಕ್ ಮಾತಿಗಾಗಿ ಮಾಡಿದ್ದು, ತಗ್ಗು ದನಿಯನ್ನು ಇನ್ನಷ್ಟು ನುಂಗುತ್ತದೆ. ಹಾಗಾಗಿ ಅದರ ಅಂಕಿಯನ್ನು ಸುಳಿವಾಗಿ ಬಳಸಿ, ಸಾಕ್ಷಿಯಾಗಿ ಮುಂದಿಡಬೇಡಿ.

ಇನ್ನು ಕಾನೂನಿನ ಅಂಕಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಮಿತಿಗಿಂತ 10 ಡೆಸಿಬೆಲ್ ಅಥವಾ ಅದಕ್ಕಿಂತ ಹೆಚ್ಚಾದರೆ, ಅಂದರೆ ರಾತ್ರಿ 55 ಮುಟ್ಟಿದರೆ, 7ನೇ ನಿಯಮದಡಿ ದೂರು ಕೊಡಬಹುದು. ಆದರೆ ಈ 45 ಎನ್ನುವುದು ಗಳಿಗೆಯ ಅಂಕಿಯಲ್ಲ, ಕಾಲದ ಮೇಲೆ ಹರಡಿದ ಸರಾಸರಿ. ನಿಮ್ಮ ಕಿಟಕಿಯ ಬಳಿ 75 ಡೆಸಿಬೆಲ್ ಸದ್ದು 3 ನಿಮಿಷ ಇತ್ತೆನ್ನಿ. ರಾತ್ರಿಯ 8 ತಾಸಿಗೆ ಹರಡಿದರೆ ಅದು 53 ಆಗುತ್ತದೆ. ಮಿತಿ ಮೀರಿತು, ಆದರೆ ದೂರಿನ ಗೆರೆ ಮುಟ್ಟಲಿಲ್ಲ. 6 ನಿಮಿಷ ಇದ್ದರೆ 56, ಗೆರೆ ದಾಟಿತು. 65 ಡೆಸಿಬೆಲ್ 3 ನಿಮಿಷ ಇದ್ದರೆ 43, ಮಿತಿಯೊಳಗೇ. ಡೆಸಿಬೆಲ್ ಒಂದನ್ನೇ ನಂಬಿ ಹೋದವರು ಕಚೇರಿಯಲ್ಲಿ ಸೋತು ಬರುವುದು ಈ ಲೆಕ್ಕದಿಂದ. ಸೈಲೆನ್ಸರಿನ ಮೇಲೆ ಹಿಡಿತ ಇರಲಿ ಎಂದು ಹೇಳಿದ್ದು ಇದಕ್ಕೇ.

ಮಾತಾಡುವ ಹೊತ್ತು, ಆಡುವ ಮಾತು

ನಸುಕಿನಲ್ಲಿ ನಿದ್ದೆಗೆಟ್ಟ ಕಣ್ಣಲ್ಲಿ ಬಾಗಿಲು ಬಡಿಯಬೇಡಿ. ಅವರು ಹೊರಡುವ ಆತುರದಲ್ಲಿರುತ್ತಾರೆ, ನೀವು ಸಿಟ್ಟಿನಲ್ಲಿರುತ್ತೀರಿ. ಸಂಜೆ ಅಥವಾ ಭಾನುವಾರ ಬೆಳಿಗ್ಗೆ, ಗಾಡಿಯ ಹತ್ತಿರ ಅವರೊಬ್ಬರೇ ಸಿಕ್ಕಾಗ ಮಾತು ತೆಗೆಯಿರಿ. ನಾಲ್ಕು ಮಂದಿಯ ಎದುರು ಬೇಡ.

'ಅಣ್ಣಾರ, ನಿಮ್ಮ ಗಾಡಿ ಸೈಲೆನ್ಸರ್ ಎಲ್ಲೋ ಒಡದಿರಬೇಕ ನೋಡ್ರಿ. ನಸುಕಿನ್ಯಾಗ ಚಾಲು ಮಾಡಿದಾಗ ಮುಂದಿನ ಕಡೆಯಿಂದ ಪಟಪಟ ಅಂತೈತಿ. ಹೊಗಿ ಗಾಡಿಯೊಳಗ ಬಂದ್ರ ಚಲೋ ಅಲ್ರಿ, ಒಮ್ಮೆ ತೋರಸ್ರಿ. ನಮ್ಮ ಕೂಸಿಗೂ ಎಚ್ಚರ ಆಗತೈತಿ.'

ಇದರಲ್ಲಿ ಸುಳ್ಳೇನೂ ಇಲ್ಲ. ಎಂಜಿನ್ ಹತ್ತಿರ ಒಡೆದ ಪೈಪಿನಿಂದ ಇಂಗಾಲದ ಮಾನಾಕ್ಸೈಡ್ ಒಳಸೇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆಶೂಲೆ, ಮಂಪರು ಬಂದು ಚಾಲಕನ ಎಚ್ಚರವೇ ತಪ್ಪಬಹುದು. ಜೊತೆಗೆ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿನ ಮುಂಚೆ ತೂತಿದ್ದರೆ ಹೊರಗಿನ ಗಾಳಿ ಒಳಸೇರಿ ಸೆನ್ಸರ್ ತಪ್ಪು ಓದುತ್ತದೆ, ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಬಿಡುತ್ತದೆ, ಮೈಲೇಜ್ ಇಳಿಯುತ್ತದೆ. ಗಾಡಿಯವರಿಗೆ ಈ ಎರಡು ಮಾತು ನಿಮ್ಮ ನಿದ್ದೆಗಿಂತ ಬೇಗ ತಟ್ಟುತ್ತವೆ, ತಟ್ಟಲಿ.

ಫ್ರೀ-ಫ್ಲೋ ಹಾಕಿಸಿದ ಹುಡುಗನಾದರೆ ಮೊದಲು ಅವನ ಹತ್ತಿರವೇ ಮಾತಾಡಿ. ನೇರ ತಂದೆಗೆ ಚಾಡಿ ಹೇಳಿದರೆ ಹಟ ಬೆಳೆಯುತ್ತದೆ. 'ತಮ್ಮಾ, ಹಗಲ ನಿನ್ನ ಗಾಡಿ ನೀ ಹೊಡಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಓಣ್ಯಾಗ ರೇಸ್ ಕೊಡಬ್ಯಾಡ' ಎಂದು ಹೊತ್ತು ಗೊತ್ತುಮಾಡಿ ಕೇಳಿ. 'ಸ್ವಲ್ಪ ಕಡಿಮಿ ಮಾಡು' ಎಂಬ ಮಾತಿಗೆ ಅಳತೆಯಿಲ್ಲ, ಮೀರಿದನೋ ಇಲ್ಲವೋ ಎಂದು ಹೇಳಲಾಗದು. ಹದಿನೈದು ದಿನ ಕಾದು ನೋಡಿ. ಆಗದಿದ್ದರೆ ತಂದೆಯವರ ಹತ್ತಿರ, ಆಮೇಲೆ ಓಣಿಯ ಹಿರಿಯರ ಹತ್ತಿರ.

ಖರ್ಚಿಲ್ಲದ ಹೊಂದಾಣಿಕೆಗಳು

ಬಾಡಿಗೆ ಗಾಡಿಯವರು, ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೋ ಅಮರಗೋಳದ ಎಪಿಎಂಸಿಗೋ ಮಾಲು ಒಯ್ಯುವವರು ನಸುಕಿನಲ್ಲಿ ಹೊರಡಲೇಬೇಕು. ಅವರ ಹೊಟ್ಟೆಪಾಡಿನ ಹೊತ್ತನ್ನು ಬದಲಿಸಿ ಎನ್ನುವುದು ಸರಿಯಲ್ಲ, ಆಗುವಂಥದ್ದೂ ಅಲ್ಲ. ಬದಲಿಸಬಹುದಾದವು ಬೇರೆ ಇವೆ.

ಬಾಲಪೈಪು ಮೂರಡಿ ದೂರದ ಕಾಂಪೌಂಡ್ ಗೋಡೆಗೆ ಮುಖಮಾಡಿದ್ದರೆ ಸದ್ದು ಅಲ್ಲಿಂದ ಪುಟಿದು ನೇರ ಕಿಟಕಿಗೆ ಬರುತ್ತದೆ. ರಾತ್ರಿಯೇ ಗಾಡಿ ತಿರುಗಿಸಿ ಪೈಪು ತೆರೆದ ರಸ್ತೆಯ ಕಡೆ ಬರುವಂತೆ ನಿಲ್ಲಿಸಿದರೆ ಕಿವಿಗೆ ಗೊತ್ತಾಗುವಷ್ಟು ಇಳಿಯುತ್ತದೆ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ 6 ಡೆಸಿಬೆಲ್ ಕಡಿಮೆ. 5 ಮೀಟರಿನಿಂದ 20 ಮೀಟರಿಗೆ ಸರಿದರೆ 12. ಇಕ್ಕಟ್ಟಾದ ಓಣಿಯಲ್ಲಿ ಇಷ್ಟು ಸಿಗುವುದಿಲ್ಲ, ಆದರೂ ಓಣಿಯ ಬಾಯಿಗೆ ನಿಲ್ಲಿಸುವುದು ಇದ್ದುದರಲ್ಲೇ ಉತ್ತಮ.

'ಡೀಸೆಲ್ ಗಾಡಿ ಹತ್ತು ನಿಮಿಷ ಕಾಯಿಸಬೇಕು' ಎಂಬುದು ಹಳೆಯ ಎಂಜಿನ್ನುಗಳ ಕಾಲದ ಮಾತು. ಈಗಿನ ಗಾಡಿಗೆ ಆಯಿಲ್ ಮೇಲೇರಲು ಅರ್ಧ-ಒಂದು ನಿಮಿಷ ಸಾಕು. ಆಮೇಲೆ ಮೊದಲ ಎರಡು-ಮೂರು ಕಿಲೋಮೀಟರ್ ಮೆಲ್ಲಗೆ ಓಡಿಸಿದರೆ ನಿಂತು ಕಾಯಿಸಿದ್ದಕ್ಕಿಂತ ಬೇಗ ಕಾಯುತ್ತದೆ. ಸಾಮಾನು ಹೇರುವುದು, ಗಾಜು ಒರೆಸುವುದು, ದೇವರಿಗೆ ಊದುಬತ್ತಿ ಹಚ್ಚುವುದು ಎಲ್ಲ ಮುಗಿದ ಮೇಲೆ ಕೀಲಿ ತಿರುಗಿಸಿದರೆ ಹತ್ತು ನಿಮಿಷದ ಸಪ್ಪಳ ಒಂದಕ್ಕೆ ಇಳಿಯುತ್ತದೆ. ಬಹಳ ಕಡೆ ತಕರಾರು ಇಲ್ಲಿಗೇ ಮುಗಿಯುತ್ತದೆ. ಎಂಜಿನ್ ಬಂದ್ ಇಟ್ಟು ಗಾಡಿ ದೂಡಿಕೊಂಡು ಹೋಗಿ ಎಂದು ಮಾತ್ರ ಹೇಳಬೇಡಿ. ಎಂಜಿನ್ ಇಲ್ಲದೆ ಬ್ರೇಕ್ ಒತ್ತಲು ನೆರವಾಗುವ ಬೂಸ್ಟರ್ ಒಂದೆರಡು ಒತ್ತಿಗೆ ಖಾಲಿಯಾಗುತ್ತದೆ, ಇಳಿಜಾರಿನಲ್ಲಿ ಗಾಡಿ ಕೈಮೀರುತ್ತದೆ.

ಗ್ಯಾರೇಜಿನಲ್ಲಿ ಏನು ಮಾಡಿಸಬೇಕು

ನೆರೆಯವರು ಒಪ್ಪಿದ ಮೇಲೂ ಸದ್ದು ಎರಡು ತಿಂಗಳಲ್ಲಿ ಮರಳುವುದುಂಟು. ಹುಳುಕು ರಿಪೇರಿಯಲ್ಲಿರುತ್ತದೆ. ಸೈಲೆನ್ಸರ್ ಡಬ್ಬಿ ಒಳಗಿನಿಂದ ತುಕ್ಕು ಹಿಡಿಯುತ್ತದೆ: ಉರಿದ ಹೊಗೆಯಲ್ಲಿನ ನೀರಾವಿ ತಣ್ಣನೆಯ ಡಬ್ಬಿಯಲ್ಲಿ ನೀರಾಗಿ, ಆಮ್ಲ ಸೇರಿ ನಿಲ್ಲುತ್ತದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ 20 ಕಿಲೋಮೀಟರ್ ಓಡುವ ಗಾಡಿಯಲ್ಲಿ ಆ ನೀರು ಆರಿಹೋಗುತ್ತದೆ. ವಿದ್ಯಾನಗರದಿಂದ ದುರ್ಗದಬೈಲಿಗೆ ಹೋಗಿ ಬರುವಷ್ಟೇ ಓಡುವ ಗಾಡಿಯಲ್ಲಿ ಆರುವುದಿಲ್ಲ.

ಹೊರಗೆ ತೂತು ಕಾಣುವ ಹೊತ್ತಿಗೆ ಸುತ್ತಲಿನ ತಗಡು ಕಾಗದದಷ್ಟು ತೆಳುವಾಗಿರುತ್ತದೆ. ಅದರ ಮೇಲೆ ತೇಪೆ ಬೆಸೆದರೆ ಬೆಸುಗೆಯ ಅಂಚಿನಲ್ಲೇ ಮತ್ತೆ ಹರಿಯುತ್ತದೆ. ಸ್ಕ್ರೂ ಡ್ರೈವರ್ ಹಿಡಿಯಿಂದ ಡಬ್ಬಿ ತಟ್ಟಿ ನೋಡಿ: ಗಟ್ಟಿ ದನಿ ಬಂದರೆ ಬೆಸುಗೆ ನಿಲ್ಲುತ್ತದೆ, ಮೆತ್ತಗೆ ತಗ್ಗು ಬಿದ್ದರೆ ಹಿಂದಿನ ಡಬ್ಬಿಯನ್ನೇ ಬದಲಿಸಬೇಕು. ಸೋರಿಕೆ ಹುಡುಕಲು ತಣ್ಣನೆಯ ಎಂಜಿನ್ ಚಾಲು ಮಾಡಿ, ಒಬ್ಬರು ದಪ್ಪ ಬಟ್ಟೆಯಿಂದ ಬಾಲಪೈಪನ್ನು ಕೆಲ ಸೆಕೆಂಡು ಒತ್ತಿಹಿಡಿಯಲಿ. ಸಂದುಗಳಿಗೆ ಸಾಬೂನು ನೀರು ಸಿಂಪಡಿಸಿದರೆ ಗುಳ್ಳೆ ಏಳುವ ಜಾಗವೇ ತೂತು. ಇದನ್ನು ಬಯಲಲ್ಲೇ ಮಾಡಿ, ಮುಚ್ಚಿದ ಶೆಡ್ಡಿನಲ್ಲಿ ಬೇಡ. ಅನೇಕ ಡಬ್ಬಿಗಳ ತಳದಲ್ಲಿ ನೀರು ಇಳಿಯಲೆಂದು ಕಂಪನಿಯವರೇ ಬಿಟ್ಟ ಸಣ್ಣ ರಂಧ್ರ ಇರುತ್ತದೆ. ಅದನ್ನು ತೂತೆಂದು ಬೆಸೆದು ಮುಚ್ಚಿಸಿದರೆ ಹೊಸ ಡಬ್ಬಿಯೂ ಬೇಗ ಕೊಳೆಯುತ್ತದೆ.

ಹರಿದ ಫ್ಲೆಕ್ಸ್ ಜಾಗದಲ್ಲಿ ಗಟ್ಟಿ ಪೈಪು ಬೆಸೆಯಲು ಬಿಡಬೇಡಿ. ಎಂಜಿನ್ನಿನ ಅಲುಗಾಟ ನುಂಗಲೆಂದೇ ಆ ಜಾಳಿಗೆ ಇರುವುದು. ಅದಿಲ್ಲದಿದ್ದರೆ ಮ್ಯಾನಿಫೋಲ್ಡ್ ಬಿರಿಯುತ್ತದೆ, ಖರ್ಚು ಹಲವು ಪಟ್ಟಾಗುತ್ತದೆ. ಎಲೆಕ್ಟ್ರಿಕ್ ವೆಲ್ಡಿಂಗ್ ಮಾಡುವ ಮುನ್ನ ಬ್ಯಾಟರಿಯ ಮೈನಸ್ ವಯರ್ ಬಿಚ್ಚಿಸಿ, ಇಲ್ಲದಿದ್ದರೆ ಗಾಡಿಯ ಕಂಪ್ಯೂಟರ್ ಸುಡಬಹುದು. 'ಕ್ಯಾಟ್ (ಕ್ಯಾಟಲಿಟಿಕ್ ಕನ್ವರ್ಟರ್) ತಗದ್ರ ಮೈಲೇಜ್ ಬರ್ತದ' ಎಂಬ ಸಲಹೆಯನ್ನು ಒಪ್ಪಬೇಡಿ: ಸದ್ದೂ ಹೆಚ್ಚುತ್ತದೆ, ಹೊಗೆಯೂ ಕೆಡುತ್ತದೆ.

'ಹೊಗೆ ತಪಾಸಣೆ ಚೀಟಿ ಐತಿ, ಗಾಡಿ ಸರಿ ಐತಿ' ಎಂದರೆ, ಆ ತಪಾಸಣೆ ಹೊಗೆಯನ್ನು ಮಾತ್ರ ಅಳೆಯುತ್ತದೆ, ಸದ್ದನ್ನಲ್ಲ ಎಂದು ತಿಳಿಸಿ ಹೇಳಿ.

ಮಾತಿಗೆ ಬಗ್ಗದಿದ್ದರೆ: ಯಾವ ಕಲಂ, ಯಾವ ಕಚೇರಿ

ಮೊದಲು ನೋಡಬೇಕಾದದ್ದು ಗಾಡಿ ಎಲ್ಲಿ ಸದ್ದು ಮಾಡುತ್ತಿದೆ ಎಂಬುದು. ರಸ್ತೆಯಲ್ಲಾದರೆ ಮೋಟಾರು ವಾಹನ ಕಾಯ್ದೆ ಗಟ್ಟಿಯಾಗಿ ಹಿಡಿಯುತ್ತದೆ. 190(2)ನೇ ಕಲಂ ಸಾರ್ವಜನಿಕ ಸ್ಥಳದಲ್ಲಿ ಶಬ್ದದ ಮಾನದಂಡ ಮೀರಿ ಓಡಿಸಿದವರಿಗೆ ಮೊದಲ ಸಲಕ್ಕೆ ₹10,000ವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸಜೆ, ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ ಹೇಳುತ್ತದೆ. 182ಎ(4) ಅನುಮತಿಯಿಲ್ಲದೆ ಗಾಡಿ ಮಾರ್ಪಡಿಸಿದ ಮಾಲೀಕರಿಗೆ, ಪ್ರತಿ ಮಾರ್ಪಾಡಿಗೆ ₹5,000 ದಂಡ ಅಥವಾ ಆರು ತಿಂಗಳವರೆಗೆ ಸಜೆ. 194ಎಫ್ ಕಟ್-ಔಟ್ ಬಳಸಿ ಸೈಲೆನ್ಸರ್ ತಪ್ಪಿಸಿ ಹೊಗೆ ಬಿಡುವವರಿಗೆ ₹1,000, ಮರುಕಳಿಸಿದರೆ ₹2,000. ಗಾಡಿಗೆ ಸೈಲೆನ್ಸರ್ ಇರಲೇಬೇಕು ಎಂಬುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ. ಇವುಗಳಲ್ಲಿ ಮಾರ್ಪಾಡು ಮತ್ತು ಕಟ್-ಔಟ್ ಸಾಬೀತಿಗೆ ಡೆಸಿಬೆಲ್ ಮೀಟರ್ ಬೇಡ. ಅಡಿಯಲ್ಲಿ ಬಗ್ಗಿ ನೋಡಿದರೆ ಸಾಕು.

ಸ್ವಂತ ಕಾಂಪೌಂಡಿನೊಳಗೆ ನಿಂತೇ ಗುಡುಗುವ ಗಾಡಿಗೆ ಈ ಕಾಯ್ದೆ ಅಷ್ಟು ಹತ್ತುವುದಿಲ್ಲ. ಅಲ್ಲಿ ಶಬ್ದ ಮಾಲಿನ್ಯ ನಿಯಮಗಳು ಮತ್ತು ಭಾರತೀಯ ನ್ಯಾಯ ಸಂಹಿತೆಯ ಸಾರ್ವಜನಿಕ ಉಪದ್ರವದ ಕಲಂಗಳು (270, 292) ಬೇಕು. ಉಪದ್ರವ ಸಾರ್ವಜನಿಕ ಎನ್ನಿಸಿಕೊಳ್ಳಲು ನಿಮ್ಮೊಂದು ಮನೆಯ ಸಹಿ ಸಾಲದು, ಸುತ್ತಲಿನ ಮನೆಗಳವರೂ ಸಹಿ ಹಾಕಬೇಕು.

ಆ ಗಳಿಗೆಯ ಗದ್ದಲಕ್ಕೆ 112. ದಿನದ ತೊಂದರೆಗೆ ಮೊದಲು ನಿಮ್ಮ ಬೀಟ್ ಪೊಲೀಸರು. ಅವರಿಗೆ ಓಣಿ ಗೊತ್ತಿರುತ್ತದೆ, ಒಂದು ಮಾತಿನಲ್ಲಿ ಮುಗಿಸಲೂಬಹುದು. ರಸ್ತೆಯ ಗಾಡಿಗೆ ಸಂಚಾರ ಠಾಣೆ, ಮಾರ್ಪಾಡಿಗೆ ಆರ್‌ಟಿಒ. ಶಬ್ದ ನಿಯಮಗಳಡಿಯ ದೂರು ಹುಬ್ಬಳ್ಳಿ-ಧಾರವಾಡದಲ್ಲಿ ನವನಗರದ ಪೊಲೀಸ್ ಆಯುಕ್ತರಿಗೆ. ಆಯುಕ್ತಾಲಯ ಇಲ್ಲದ ಗದಗ, ಹಾವೇರಿಯಲ್ಲಿ ಜಿಲ್ಲಾಧಿಕಾರಿಗೆ ಅಥವಾ ಡಿವೈಎಸ್‌ಪಿಗೆ.

ಅರ್ಜಿ ಒಂದು ಪುಟ ಮೀರದಿರಲಿ. ಒಳಗಿನ ಮಾತು ಹೀಗಿರಲಿ:

'ನಮ್ಮ ಓಣಿಯಲ್ಲಿ ನಿಲ್ಲುವ ಈ ಮೇಲ್ಕಂಡ ಸಂಖ್ಯೆಯ ವಾಹನದ ಸೈಲೆನ್ಸರ್ ಮಾರ್ಪಡಿಸಿದಂತೆ ಕಂಡುಬರುತ್ತಿದ್ದು, ಕಳೆದ 14 ದಿನಗಳಲ್ಲಿ 9 ದಿನ ಬೆಳಗಿನ 4.30ರಿಂದ 4.40ರ ನಡುವೆ ಜೋರು ಸದ್ದು ಮಾಡಿರುತ್ತದೆ. ಎರಡು ಬಾರಿ ವಿನಂತಿಸಿದರೂ ಪ್ರಯೋಜನವಾಗಿರುವುದಿಲ್ಲ. ವಾಹನವನ್ನು ತಪಾಸಣೆ ಮಾಡಿ ಮೂಲ ಸೈಲೆನ್ಸರ್ ಅಳವಡಿಸಲು ಸೂಚಿಸಬೇಕಾಗಿ ಕೋರಿಕೆ. ಲಗತ್ತು: ದಿನವಹಿ, ವಿಡಿಯೊ, ನೆರೆಹೊರೆಯವರ ಸಹಿ.'

'ಕಠಿಣ ಶಿಕ್ಷೆ' ಕೇಳಬೇಡಿ, 'ತಪಾಸಣೆ' ಕೇಳಿ. ಅದು ಅಧಿಕಾರಿ ಅಂದೇ ಮಾಡಬಹುದಾದ ಕೆಲಸ. ಎರಡು ಪ್ರತಿ ಒಯ್ದು ಒಂದರ ಮೇಲೆ ದಿನಾಂಕ ಸಹಿತ ಮೊಹರು ಹಾಕಿಸಿಕೊಳ್ಳಿ. ತಿಂಗಳಾದರೂ ಏನೂ ಆಗದಿದ್ದರೆ ₹10 ಶುಲ್ಕದ ಮಾಹಿತಿ ಹಕ್ಕು ಅರ್ಜಿಯಲ್ಲಿ 'ಈ ದಿನಾಂಕದ ದೂರಿನ ಮೇಲೆ ಕೈಗೊಂಡ ಕ್ರಮದ ದಾಖಲೆ' ಎಂದಷ್ಟೇ ಕೇಳಿ.

ಇದರಾಚೆ ಎರಡು ದಾರಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಸಾರ್ವಜನಿಕ ಉಪದ್ರವ ನಿಲ್ಲಿಸುವ ಆದೇಶ ಕೊಡಬಹುದು. ಸಿವಿಲ್ ಕೋರ್ಟಿನಲ್ಲಿ ಪ್ರತಿಬಂಧಕಾಜ್ಞೆ ಕೇಳಬಹುದು, ಆದರೆ ಅದು ವರ್ಷಗಟ್ಟಲೆ ಎಳೆಯಬಹುದು. ಅದಕ್ಕೂ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ದಾವೆಪೂರ್ವ ರಾಜಿಗೆ ಅರ್ಜಿ ಹಾಕಿ, ಸಹಾಯವಾಣಿ 15100. ನ್ಯಾಯಾಲಯದ ಆವರಣದಲ್ಲಿ ಎದುರು ಕೂತು ಆಡಿದ ಮಾತಿಗೆ ಓಣಿಯಲ್ಲಿ ಆಡಿದ್ದಕ್ಕಿಂತ ತೂಕ ಬರುತ್ತದೆ, ರಾಜಿಯಾದದ್ದು ಬರಹದಲ್ಲಿ ಉಳಿಯುತ್ತದೆ.

ಅಲ್ಲಿಯತನಕ ನಿದ್ದೆ

ದಪ್ಪ ಪರದೆ ತಗ್ಗು ದನಿಗೆ ಏನೂ ಮಾಡುವುದಿಲ್ಲ, ಅದಕ್ಕೆ ದುಡ್ಡು ಹಾಕಬೇಡಿ. ಕಿಟಕಿಯ ಮೇಲಿನ ವೆಂಟಿಲೇಟರ್ ಮತ್ತು ಸ್ಲೈಡಿಂಗ್ ಕಿಟಕಿಯ ಸಂದುಗಳೇ ಸದ್ದಿನ ಮುಖ್ಯ ದಾರಿ. ಸಂದಿಗೆ ರಬ್ಬರ್ ಪಟ್ಟಿ, ವೆಂಟಿಲೇಟರಿಗೆ ಗಾಜು ಹಾಕಿಸಿ, ಗಾಳಿಗೆ ಇನ್ನೊಂದು ಬದಿಯ ಕಿಟಕಿ ತೆರೆದಿಡಿ. ಗಾಜು ಗಲಗಲ ಎನ್ನುವುದು ಬಹುಪಾಲು ಗಾಜನ್ನು ಹಿಡಿದಿಡುವ ಬೀಡಿಂಗ್ ಪಟ್ಟಿ ಸಡಿಲಾದುದರಿಂದ. ಆಗುವುದಾದರೆ ಹಾಸಿಗೆಯನ್ನು ಹಿತ್ತಲ ಕಡೆಯ ಕೋಣೆಗೆ ಒಯ್ಯಿರಿ. ನಡುವೆ ಎರಡು ಗೋಡೆ ಬಂದರೆ ಯಾವ ಸಾಧನವೂ ಕೊಡದಷ್ಟು ನೆಮ್ಮದಿ ಸಿಗುತ್ತದೆ. ದೊಡ್ಡವರಿಗೆ ಫೋಮ್ ಇಯರ್‌ಪ್ಲಗ್ ಆದೀತು, ಕೂಸುಗಳ ಕಿವಿಗೆ ಬೇಡ.

ಸದ್ದು ನಿಂತ ಮೇಲೂ ದಿನವಹಿಯನ್ನು ಒಂದು ಮಳೆಗಾಲ ಕಳೆಯುವ ತನಕ ಇಟ್ಟುಕೊಳ್ಳಿ. ತೇಪೆ ಹಾಕಿದ ಡಬ್ಬಿ ಬಿಡುವುದು ಹೆಚ್ಚಾಗಿ ಆಗಲೇ. ಮತ್ತೆ ಪಟಪಟ ಕೇಳಿದ ವಾರದಲ್ಲೇ 'ಅಣ್ಣಾರ, ಬೆಸುಗಿ ಮತ್ತ ಬಿಟ್ಟಂಗ ಐತಿ ನೋಡ್ರಿ' ಎಂದು ಹೇಳಿ.